ಕೃತಕ ಕಾಲು ಬರುವ ಮುಂಚೆ ವಾರ್ಡಿನಲ್ಲಿ ಮಾಡಬೇಕಾದ್ದು

ಕಾಲು ತೆಗೆದ ಆಪರೇಷನ್ ಆಗಿ ನಮ್ಮ ರಿಹ್ಯಾಬ್ ವಾರ್ಡಿಗೆ ಬಂದವರು ಮೊದಲ ದಿನವೇ ಕೇಳುವ ಮಾತು ಒಂದು: "ಕೃತಕ ಕಾಲು ಯಾವಾಗ ಹಾಕ್ತೀರಾ?" ನಾನು ಫಿಸಿಯೋಥೆರಪಿಸ್ಟ್, ಬಹಳ ವರ್ಷಗಳಿಂದ ಇದೇ ಕೆಲಸ. ನನ್ನ ಉತ್ತರ ಕೇಳಿ ಹೆಚ್ಚಿನವರಿಗೆ ಬೇಜಾರಾಗುತ್ತದೆ. ಗಾಯ ಒಣಗಬೇಕು, ಊತ ಇಳಿಯಬೇಕು, ಸ್ಟಂಪ್, ಅಂದರೆ ಕಾಲು ತೆಗೆದ ಮೇಲೆ ಉಳಿದ ಭಾಗ, ಒಂದು ಆಕಾರಕ್ಕೆ ಬರಬೇಕು. ಹೊಲಿಗೆ ಬಿಚ್ಚುವುದಕ್ಕೇ ಎರಡು ಮೂರು ವಾರ ಹಿಡಿಯುತ್ತದೆ. ಕೃತಕ ಕಾಲಿಗೆ ಅಳತೆ ತೆಗೆಯುವುದು ಸಾಮಾನ್ಯವಾಗಿ ಆರೆಂಟು ವಾರ ಆದ ಮೇಲೆ. ಸಕ್ಕರೆ ಕಾಯಿಲೆ ಇದ್ದು ಕಾಲಿನಲ್ಲಿ ರಕ್ತದ ಓಡಾಟ ಕಮ್ಮಿ ಇದ್ದರೆ ಇನ್ನೂ ತಡ. ಎಷ್ಟೋ ಜನ ಕೃತಕ ಕಾಲು ಇಲ್ಲದೆಯೇ ವಾರ್ಡಿನಿಂದ ಮನೆಗೆ ಹೋಗುತ್ತಾರೆ.

ಹಾಗಾದರೆ ಇಲ್ಲಿ ಸುಮ್ನೆ ಯಾಕೆ ಇರಬೇಕು ಅಂತ ಕೇಳುತ್ತಾರೆ. ಸುಮ್ಮನಿರುವುದಕ್ಕಲ್ಲ. ನೇರವಾಗಿ ಚಾಚುವ ಮಂಡಿ, ಗಟ್ಟಿ ಸೊಂಟ, ಊತ ಇಳಿದ ಸ್ಟಂಪ್, ಹುಣ್ಣಿಲ್ಲದ ಇನ್ನೊಂದು ಪಾದ, ಇವು ನಾಲ್ಕೂ ಇದ್ದರೆ ಕೃತಕ ಕಾಲಿನಲ್ಲಿ ನಡೆಯುವುದನ್ನು ಕಲಿಸುವುದು ಕಷ್ಟವಲ್ಲ. ಇವು ಆಗುವುದೂ, ಕೆಡುವುದೂ ಈ ಮೊದಲ ವಾರಗಳಲ್ಲೇ. ಎಷ್ಟು ಒಳ್ಳೆಯ ಕೃತಕ ಕಾಲು ತಂದರೂ ಮಡಚಿಕೊಂಡೇ ಬಿಗಿದುಹೋದ ಮಂಡಿಗೆ ಅದು ಸರಿಯಾಗಿ ಕೂರುವುದಿಲ್ಲ.

ಇದನ್ನು ಪೇಷಂಟಿಗೂ ಪಕ್ಕದಲ್ಲಿ ಕೂತಿರುವ ಮನೆಯವರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಗಾಯ ನೋಡಿದ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಮೊದಲು.

ಮಂಡಿಯ ಕೆಳಗೆ ದಿಂಬು ಬೇಡ

ಒಂದೇ ಒಂದು ವಿಷಯ ಹೇಳುವುದಕ್ಕೆ ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಿರಿಯರೊಬ್ಬರಿದ್ದರು, ಮಂಡಿಯ ಕೆಳಗೆ ಕಾಲು ತೆಗೆದಿದ್ದರು. ದಿನಾ ಬೆಳಿಗ್ಗೆ ನಾನು ಹೋದಾಗ ಮಂಡಿಯ ಅಡಿಯಲ್ಲಿ ದಪ್ಪ ದಿಂಬು ಇರುತ್ತಿತ್ತು. ನಾನು ತೆಗೆಯುವುದು, ಮಗಳು ಮತ್ತೆ ಇಡುವುದು. "ಅಪ್ಪಂಗೆ ನೋವು ಮೇಡಂ, ಹಿಂಗಿಟ್ರೆ ಆರಾಮಾಗಿ ನಿದ್ದೆ ಮಾಡ್ತಾರೆ" ಅನ್ನುವಳು. ಅವಳು ಹೇಳಿದ್ದು ನಿಜ. ಮಂಡಿ ಮಡಚಿದರೆ ನೋವು ಕಮ್ಮಿ ಅನಿಸುತ್ತದೆ. ಆದರೆ ಮಂಡಿ ಮಡಚುವ ಸ್ನಾಯುಗಳು ಹಾಗೇ ಮೊಟಕಾಗುತ್ತಾ ಬರುತ್ತವೆ. ಕಾಲು ಉದ್ದ ಇದ್ದಾಗ ಅದರ ಭಾರವೇ ಮಂಡಿಯನ್ನು ನೇರ ಎಳೆಯುತ್ತಿತ್ತು. ಈಗ ಆ ಭಾರ ಇಲ್ಲ. ಕೆಲವೇ ದಿನಗಳಲ್ಲಿ ಬಿಗಿತ ಶುರುವಾಗುತ್ತದೆ, ವಾರಗಳು ಕಳೆದರೆ ಬಿಡಿಸುವುದೇ ಕಷ್ಟ. ಒಂದು ದಿನ ನಾನು ಅವಳ ಕೈಯನ್ನು ಅಪ್ಪನ ಮಂಡಿಯ ಕೆಳಗಿನ ಸಂದಿಯಲ್ಲಿ ಇಡಿಸಿದೆ. ಅಂಗಾತ ಮಲಗಿದ್ದರೂ ಮಂಡಿ ಹಾಸಿಗೆಗೆ ತಾಗುತ್ತಿರಲಿಲ್ಲ, ಅವಳ ಇಡೀ ಮುಷ್ಟಿ ಅದರಡಿ ಹೋಯಿತು. ಅವತ್ತೇ ದಿಂಬು ತೆಗೆದಳು. ಮುಷ್ಟಿ ಹೋಗುತ್ತಿದ್ದ ಜಾಗದಲ್ಲಿ ಅಂಗೈ ಮಾತ್ರ ಹೋಗುವ ಹಾಗೆ ಆಗುವುದಕ್ಕೆ ಅವರಿಬ್ಬರೂ ಬಹಳ ಶ್ರಮಪಟ್ಟರು.

ಹಾಗಾಗಿ ನಿಯಮ ಇಷ್ಟು. ಮಂಡಿಯ ಕೆಳಗೆ ದಿಂಬು ಇಲ್ಲ. ತೊಡೆಗಳ ಮಧ್ಯೆಯೂ ದಿಂಬು ಇಲ್ಲ. ಊತಕ್ಕೆ ಎತ್ತರ ಬೇಕು ಅಂದರೆ ಮಂಡಿ ನೇರವಾಗಿದ್ದ ಹಾಗೇ ಮಂಚದ ಕಾಲು ಕಡೆಯ ಭಾಗ ಎತ್ತಿಸಿ. ಮಂಚದ ಅಂಚಿನಲ್ಲಿ ಸ್ಟಂಪ್ ಇಳಿಬಿಟ್ಟು ಹೊತ್ತುಗಟ್ಟಲೆ ಕೂರಬೇಡಿ. ವೀಲ್‌ಚೇರಿನಲ್ಲಿ ಕೂತಾಗ ಸ್ಟಂಪ್ ಬೋರ್ಡ್ ಕೇಳಿ ಪಡೆಯಿರಿ. ಸೀಟಿನ ಮಟ್ಟದಲ್ಲಿ ಮುಂದೆ ಚಾಚಿರುವ ಹಲಗೆ ಅದು. ಮಂಡಿಯನ್ನು ನೇರ ಇಡುತ್ತದೆ, ಊತವನ್ನೂ ತಡೆಯುತ್ತದೆ.

ಮಂಡಿಯ ಮೇಲೆ ಕಾಲು ತೆಗೆದವರಿಗೆ ಈ ತೊಂದರೆ ಸೊಂಟದಲ್ಲಿ ಬರುತ್ತದೆ. ತೊಡೆ ಮುಂದಕ್ಕೆ ಮಡಚಿಕೊಂಡು, ಹೊರಕ್ಕೆ ಅಗಲಿಕೊಂಡು ಬಿಗಿಯುತ್ತದೆ. ದಿನವಿಡೀ ಕೂತೇ ಇದ್ದರೆ ಇದು ಬೇಗ ಆಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ಬೋರಲು ಮಲಗುವುದು. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ. ಮುಖ ಚೆನ್ನಾಗಿರುವ ಕಾಲಿನ ಕಡೆ ತಿರುಗಿರಲಿ, ಎರಡೂ ತೊಡೆ ಜೊತೆಗಿರಲಿ, ಸೊಂಟ ಹಾಸಿಗೆಗೆ ಒತ್ತಿರಲಿ. ಮಂಡಿಯ ಕೆಳಗೆ ತೆಗೆದವರೂ ಇದನ್ನು ಮಾಡಬೇಕು. ಹೃದಯದ ತೊಂದರೆಗೋ ಉಸಿರಾಟದ ತೊಂದರೆಗೋ ಬೋರಲು ಮಲಗಲು ಆಗದವರು ಅಂಗಾತ ಮಲಗಿ, ಚೆನ್ನಾಗಿರುವ ಕಾಲಿನ ಮಂಡಿಯನ್ನು ಎರಡೂ ಕೈಯಿಂದ ಎದೆಗೆ ಅಪ್ಪಿಕೊಂಡು, ಸ್ಟಂಪನ್ನು ಹಾಸಿಗೆಗೆ ಒತ್ತಿ ಹಿಡಿಯಿರಿ. ಸೊಂಟದ ಮುಂದೆ ಸೆಳೆತ ಗೊತ್ತಾಗುತ್ತದೆ. ಆ ಸೆಳೆತವೇ ಬೇಕಾದ್ದು.

ವ್ಯಾಯಾಮ

ಹಾಸಿಗೆಯಲ್ಲೇ ಮಾಡುವ ನಾಲ್ಕೈದು ವ್ಯಾಯಾಮ ಸಾಕು, ಆದರೆ ದಿನಕ್ಕೆ ಮೂರು ಹೊತ್ತು ಆಗಬೇಕು. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದು ಎಣಿಸುವವರೆಗೆ ಬಿಗಿಹಿಡಿದು ಬಿಡುವುದು. ಮಂಡಿ ನೇರ ಇಟ್ಟು ಕಾಲು ಎತ್ತುವುದು. ಪೃಷ್ಠ ಬಿಗಿಹಿಡಿಯುವುದು. ಮಗ್ಗುಲಾಗಿ ಮಲಗಿ ಸ್ಟಂಪನ್ನು ಮೇಲಕ್ಕೆತ್ತುವುದು. ಸುತ್ತಿದ ಟವೆಲನ್ನು ತೊಡೆಗಳ ನಡುವೆ ಇಟ್ಟು ಒತ್ತುವುದು, ಮುಗಿದ ಮೇಲೆ ಟವೆಲ್ ತೆಗೆದುಬಿಡುವುದು. ಒಂದೊಂದೂ ಹತ್ತು ಸಲ. ಉಸಿರು ಕಟ್ಟಬೇಡಿ, ಜೋರಾಗಿ ಎಣಿಸಿದರೆ ಉಸಿರು ತಾನೇ ಓಡುತ್ತದೆ.

ಕೈ ಮತ್ತು ಭುಜಗಳನ್ನು ಮರೆಯಬಾರದು. ಕುರ್ಚಿಯ ಹಿಡಿಗಳ ಮೇಲೆ ಅಂಗೈ ಊರಿ ಮೈಯನ್ನು ಎತ್ತುವುದು ಕಲಿತರೆ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಟಾಯ್ಲೆಟ್ಟಿಗೆ ಹೋಗುವುದು ಸುಲಭವಾಗುತ್ತದೆ. ದಮ್ಮು ಕೂಡ ಬೇಕು. ಮಂಡಿಯ ಕೆಳಗೆ ಕಾಲು ತೆಗೆದವರಿಗೆ ಕೃತಕ ಕಾಲಿನಲ್ಲಿ ನಡೆಯಲು ಮೊದಲಿಗಿಂತ ಸುಮಾರು ಶೇ. 25 ಅಥವಾ ಇನ್ನೂ ಜಾಸ್ತಿ ಶಕ್ತಿ ಖರ್ಚಾಗುತ್ತದೆ. ಮಂಡಿಯ ಮೇಲೆ ತೆಗೆದವರಿಗೆ ಶೇ. 60ಕ್ಕೂ ಜಾಸ್ತಿ. ಜಿಮ್ಮಿನಲ್ಲಿ ಕೈಯಿಂದ ತಿರುಗಿಸುವ ಸೈಕಲ್ ಮೇಲೆ ನಿಮ್ಮನ್ನು ಕೂರಿಸುವುದು ಇದಕ್ಕೇ.

ಬ್ಯಾಂಡೇಜ್ ಸುತ್ತುವುದನ್ನು ನೀವೇ ಕಲಿಯಿರಿ

ಸ್ಟಂಪಿಗೆ ಸುತ್ತುವ ಕ್ರೇಪ್ ಬ್ಯಾಂಡೇಜ್ ಊತ ಇಳಿಸುತ್ತದೆ, ನೋವು ಕಮ್ಮಿ ಮಾಡುತ್ತದೆ, ಆಕಾರ ಕೊಡುತ್ತದೆ. ತಪ್ಪಾಗಿ ಸುತ್ತಿದರೆ ರಕ್ತವನ್ನೇ ನಿಲ್ಲಿಸುತ್ತದೆ. ಆದ್ದರಿಂದ ನರ್ಸ್ ಸುತ್ತುವುದನ್ನು ಸುಮ್ನೆ ನೋಡುತ್ತಾ ಕೂರಬೇಡಿ. "ಈಗ ನಾನು ಸುತ್ತುತ್ತೇನೆ, ನೀವು ನೋಡಿ" ಅನ್ನಿ.

ಮಂಡಿಯ ಕೆಳಗೆ ತೆಗೆದವರು ನಾಲ್ಕು ಇಂಚು ಅಗಲದ ಬ್ಯಾಂಡೇಜ್ ಬಳಸುತ್ತಾರೆ, ಮೇಲೆ ತೆಗೆದವರು ಆರು ಇಂಚಿನದು. ಮಂಡಿ ನೇರ ಇಡಿ. ಮುಂಭಾಗದಿಂದ ಶುರು ಮಾಡಿ ತುದಿಯ ಮೇಲೆ ಹಾಯಿಸಿ ಹಿಂದಕ್ಕೆ ತನ್ನಿ. ಅಲ್ಲಿಂದ ಓರೆಯಾಗಿ ಮೇಲಕ್ಕೆ, ಹಿಂದಿನಿಂದ ಬಳಸಿ ಮತ್ತೆ ಓರೆಯಾಗಿ ಕೆಳಕ್ಕೆ. ಪಟ್ಟಿಗಳು ಒಂದನ್ನೊಂದು ದಾಟಿ 8ರ ಅಂಕಿಯ ಹಾಗೆ ಕಾಣಬೇಕು. ಬಳೆಯ ಹಾಗೆ ಸುತ್ತಲೂ ದುಂಡಗೆ ಒಂದು ಸುತ್ತೂ ಬರಬಾರದು, ಅದು ಅಲ್ಲೇ ಬಿಗಿದು ಕೆಳಗಿನ ರಕ್ತ ತಡೆಯುತ್ತದೆ. ತುದಿಯಲ್ಲಿ ಬಿಗಿ ಜಾಸ್ತಿ, ಮೇಲೆ ಹೋದಂತೆ ಸಡಿಲ. ಕೊನೆಯ ಒಂದೆರಡು ಓರೆ ಸುತ್ತು ಮಂಡಿಯನ್ನು ದಾಟಿ ಮೇಲೆ ಹೋಗಲಿ, ಇಲ್ಲದಿದ್ದರೆ ಜಾರಿಬಿಡುತ್ತದೆ. ಮಂಡಿಚಿಪ್ಪನ್ನು ಮಾತ್ರ ಬಿಟ್ಟು ಸುತ್ತಿ.

ಸುತ್ತಿದ ಮೇಲೆ ಒಂದು ಬೆರಳು ಒಳಗೆ ತೂರಿಸಿ ನೋಡಿ. ದಡದಡ ಬಡಿದುಕೊಂಡ ಹಾಗೆ ನೋವು, ಜೋಮು, ಚರ್ಮದ ಬಣ್ಣ ಬದಲಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಬಿಚ್ಚಿ. ಚೆನ್ನಾಗಿದ್ದರೂ ನಾಲ್ಕಾರು ಗಂಟೆಗೊಮ್ಮೆ ಬಿಚ್ಚಿ ಮತ್ತೆ ಸುತ್ತಬೇಕು, ಯಾಕೆಂದರೆ ಬ್ಯಾಂಡೇಜ್ ಸಡಿಲವಾಗುತ್ತಲೇ ಇರುತ್ತದೆ. ಗಾಯ ಒಣಗಿದ ಮೇಲೆ ಶ್ರಿಂಕರ್ ಅಂತ ಬಿಗಿ ಸಾಕ್ಸ್ ಕೊಡುತ್ತಾರೆ. ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಅದು ಮೈಮೇಲಿರಬೇಕು. ಕೆಲವು ಕಡೆ ಬ್ಯಾಂಡೇಜ್ ಬದಲು ಬಿಚ್ಚಿ ಹಾಕಬಹುದಾದ ಗಟ್ಟಿ ಕವಚ ಹಾಕುತ್ತಾರೆ, ಬಿದ್ದರೂ ಗಾಯಕ್ಕೆ ಪೆಟ್ಟಾಗದಂತೆ ಅದು ಕಾಯುತ್ತದೆ. ಕಾಲಿನ ರಕ್ತನಾಳಗಳು ಬಹಳ ಕೆಟ್ಟಿದ್ದರೆ ಎಷ್ಟು ಬಿಗಿ ಹಾಕಬೇಕು ಅನ್ನುವುದನ್ನು ಸರ್ಜನ್ನೇ ಹೇಳಬೇಕು.

ಇನ್ನೊಂದು ಮಾತು. ಕೆಲವರಿಗೆ ಸ್ಟಂಪ್ ನೋಡುವುದಕ್ಕೇ ಆಗುವುದಿಲ್ಲ. ಬ್ಯಾಂಡೇಜ್ ಬಿಚ್ಚುವಾಗ ಮುಖ ಗೋಡೆಗೆ ತಿರುಗಿಸುತ್ತಾರೆ, ಅಳುತ್ತಾರೆ. ಅಳಲಿ. ಯಾರೂ ಅವಸರ ಮಾಡಬಾರದು. ಮೊದಲು ಬಟ್ಟೆಯ ಮೇಲಿಂದ ಕೈಯಿಡಿ, ಆಮೇಲೆ ಬರಿಗೈಯಿಂದ ಸವರಿ, ಹತ್ತಿಯಿಂದ, ಮೆತ್ತನೆಯ ಟವೆಲಿನಿಂದ ಉಜ್ಜಿ. ಹೀಗೆ ದಿನಾ ಮುಟ್ಟುತ್ತಾ ಹೋದರೆ ಚರ್ಮದ ಅತಿ ಸೂಕ್ಷ್ಮತೆ ಕಮ್ಮಿಯಾಗುತ್ತದೆ, ಮುಂದೆ ಸಾಕೆಟ್ಟಿನ (ಕೃತಕ ಕಾಲಿನಲ್ಲಿ ಸ್ಟಂಪ್ ಕೂರುವ ಬಟ್ಟಲಿನಂಥ ಭಾಗ) ಒತ್ತಡ ತಡೆಯುವುದೂ ಸುಲಭ. ವಾರಗಟ್ಟಲೆ ಊಟ ಬೇಡ, ಮಾತು ಬೇಡ, ಬದುಕೇ ಬೇಡ ಅನಿಸುತ್ತಿದ್ದರೆ ಅದನ್ನು ಡಾಕ್ಟರಿಗೆ ನೇರವಾಗಿ ಹೇಳಿ. ಅದಕ್ಕೂ ಚಿಕಿತ್ಸೆ ಇದೆ. ಮೊದಲೇ ಈ ದಾರಿಯಲ್ಲಿ ನಡೆದು ಬಂದವರೊಬ್ಬರನ್ನು ಭೇಟಿ ಮಾಡಿಸಿ ಅಂತ ಕೇಳಿ. ನಾನು ಗಂಟೆಗಟ್ಟಲೆ ಹೇಳಿದರೂ ಆಗದ್ದು, ಕೃತಕ ಕಾಲಿನವರೊಬ್ಬರು ಬಂದು ಮಂಚದ ಪಕ್ಕ ಕೂತರೆ ಆಗುತ್ತದೆ.

ರಾತ್ರಿ ಬೀಳುವುದು

ವಾರ್ಡಿನಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. ಕಾಲು ಹೋಗಿದ್ದರೂ ಮಿದುಳು ಅದು ಇದೆ ಅಂತಲೇ ನಂಬಿರುತ್ತದೆ. ನಿದ್ದೆಗಣ್ಣಿನಲ್ಲಿ ಟಾಯ್ಲೆಟ್ಟಿಗೆ ಎದ್ದವರು ಇಲ್ಲದ ಕಾಲನ್ನು ಊರಲು ಹೋಗಿ ನೇರವಾಗಿ ಸ್ಟಂಪಿನ ಮೇಲೆ ಬೀಳುತ್ತಾರೆ. ಗಾಯ ಬಿಚ್ಚಿಕೊಂಡರೆ ಮತ್ತೆ ಆಪರೇಷನ್ ಆಗಬಹುದು.

ಮಲಗುವ ಮುಂಚೆ ಲೈಟಿನ ಸ್ವಿಚ್ಚು, ಬೆಲ್ಲು ಕೈಗೆ ಸಿಗುತ್ತವಾ ನೋಡಿ. ಮೂತ್ರದ ಬಾಟಲಿ ಅಥವಾ ಬೆಡ್‌ಪ್ಯಾನ್ ಹತ್ತಿರವೇ ಇರಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ವೀಲ್‌ಚೇರ್ ಬ್ರೇಕ್ ಹಾಕಿ ಮಂಚಕ್ಕೆ ತಾಗಿಸಿ ನಿಲ್ಲಿಸಿ. ಎಚ್ಚರವಾದರೆ ಮೊದಲು ಲೈಟ್ ಹಾಕಿ. ಎದ್ದು ಕೂತು, ತಲೆಸುತ್ತು ಹೋಗುವವರೆಗೆ ಕಾಯಿರಿ. ಕೆಳಗಿಳಿಯುವ ಮುಂಚೆ ಕೈಯಿಂದ ಸ್ಟಂಪನ್ನು ಒಮ್ಮೆ ಮುಟ್ಟಿ. ಇದನ್ನು ನಾನು ಪ್ರತಿಯೊಬ್ಬರಿಗೂ ಅಭ್ಯಾಸ ಮಾಡಿಸುತ್ತೇನೆ. ಹಗಲಿನಲ್ಲಿ ಪ್ರತಿ ಸಲ ಏಳುವಾಗಲೂ ಮುಟ್ಟಿ ಎದ್ದರೆ, ರಾತ್ರಿ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ.

ಮಂಚದಿಂದ ಕುರ್ಚಿಗೆ ಹೋಗುವಾಗ ಚೆನ್ನಾಗಿರುವ ಕಾಲಿನ ಕಡೆಗೆ ಹೋಗುವುದು ಸುಲಭ. ಎರಡರ ಎತ್ತರ ಒಂದೇ ಇರಲಿ, ಪಾದ ಇಡುವ ಪಟ್ಟಿ ಪಕ್ಕಕ್ಕೆ ಸರಿಸಿರಲಿ, ಪಾದಕ್ಕೆ ಜಾರದ ಶೂ ಇರಲಿ. ಕಾಲು ಹೋದ ಮೇಲೆ ಮೈಭಾರ ಹಿಂದಕ್ಕೆ ಸರಿಯುತ್ತದೆ, ಕುರ್ಚಿ ಹಿಂದಕ್ಕೆ ಮಗುಚಬಹುದು. ಹಿಂದೆ ಪುಟ್ಟ ತಡೆಗಾಲಿಗಳು ಇವೆಯಾ ನೋಡಿ. ಎರಡೂ ಕಾಲು ತೆಗೆದವರಿಗೆ ಹಿಂದಿನ ಚಕ್ರಗಳನ್ನೇ ಇನ್ನಷ್ಟು ಹಿಂದಕ್ಕೆ ಕೂರಿಸಬೇಕಾಗುತ್ತದೆ.

ವಾಕರ್ ಹಿಡಿದು ಒಂದೇ ಕಾಲಿನಲ್ಲಿ ಕುಪ್ಪಳಿಸಿಕೊಂಡು ಓಡಾಡುವುದು ಧೈರ್ಯದ ಹಾಗೆ ಕಾಣುತ್ತದೆ, ನನಗೆ ಇಷ್ಟವಿಲ್ಲ. ಪ್ರತಿ ಕುಪ್ಪಳಿಕೆಯಲ್ಲೂ ಇಡೀ ಮೈಭಾರ ಆ ಒಂದು ಪಾದದ ಮೇಲೆ ಬೀಳುತ್ತದೆ. ವೀಲ್‌ಚೇರ್ ಬಳಸಿ. ಅದು ಸೋಲಲ್ಲ.

ಆ ಇನ್ನೊಂದು ಪಾದ

ರಕ್ತನಾಳದ ತೊಂದರೆಯಿಂದಲೋ ಸಕ್ಕರೆ ಕಾಯಿಲೆಯಿಂದಲೋ ಒಂದು ಕಾಲು ಹೋಗಿದ್ದರೆ ಇನ್ನೊಂದಕ್ಕೂ ಅದೇ ಅಪಾಯ ಇದೆ, ಅಲ್ವಾ? ದಿನಾ ಹಿಮ್ಮಡಿ, ಬೆರಳ ಸಂದಿ, ಪಾದದ ಅಡಿ ನೋಡಿ. ಬಗ್ಗಲು ಆಗದಿದ್ದರೆ ಕನ್ನಡಿ ಹಿಡಿದು ನೋಡಿ, ಇಲ್ಲವೇ ಮನೆಯವರು ನೋಡಲಿ. ಮಲಗಿದಾಗ ಹಿಮ್ಮಡಿ ಹಾಸಿಗೆಗೆ ಒತ್ತಿ ಹುಣ್ಣಾಗುವುದು ಬಹಳ ಸಾಮಾನ್ಯ. ಈ ಕಾಲಿಗೆ ಮಾತ್ರ ಮೀನಖಂಡದ ಕೆಳಗೆ ಮೆತ್ತೆ ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡಿ. ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ. ಬೀಡಿ, ಸಿಗರೇಟು ಇವತ್ತೇ ನಿಲ್ಲಲಿ. ಅದು ಗಾಯ ಒಣಗುವುದನ್ನೂ ತಡೆಯುತ್ತದೆ, ಉಳಿದ ಕಾಲಿನ ರಕ್ತನಾಳವನ್ನೂ ಕಟ್ಟುತ್ತದೆ.

ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ ನೋಯುವುದು, ತಟ್ಟನೆ ಏದುಸಿರು, ಎದೆನೋವು, ಜ್ವರ, ಗಾಯದಿಂದ ಕೀವು ಅಥವಾ ಕೆಟ್ಟ ವಾಸನೆ, ಇವುಗಳಿಗೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ. ಬೆಲ್ ಒತ್ತಿ.

ಇಲ್ಲದ ಕಾಲಿನ ನೋವು

ಇಲ್ಲದ ಪಾದ ತುರಿಸುತ್ತದೆ, ಉರಿಯುತ್ತದೆ, ಕರೆಂಟ್ ಹೊಡೆದ ಹಾಗೆ ಚಳುಕು ಬರುತ್ತದೆ. ತನಗೆ ಹುಚ್ಚು ಹಿಡಿಯುತ್ತಿದೆ ಅಂತ ಹೆದರಿ ಇದನ್ನು ಬಾಯಿ ಬಿಡದವರು ಬಹಳ ಜನ. ಇದಕ್ಕೆ ಫ್ಯಾಂಟಮ್ ಲಿಂಬ್ ಅಂತ ಹೆಸರಿಟ್ಟದ್ದು ಅಮೆರಿಕದ ವೈದ್ಯ ಸೈಲಸ್ ವೇರ್ ಮಿಚೆಲ್, 1871ರಲ್ಲಿ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಎಷ್ಟೋ ಸೈನಿಕರನ್ನು ಆತ ನೋಡಿದ್ದ. ಇದು ಮಿದುಳು ಮತ್ತು ನರಗಳ ಕೆಲಸ, ಕಲ್ಪನೆ ಅಲ್ಲ. ಔಷಧಿಗಳಿವೆ. ಮಾಮೂಲಿ ನೋವಿನ ಮಾತ್ರೆ ಸಾಲದಿದ್ದಾಗ ನರಗಳ ನೋವಿಗೆ ಕೊಡುವ ಮಾತ್ರೆಗಳನ್ನು ಡಾಕ್ಟರು ಬರೆಯುತ್ತಾರೆ. ನೋವು ಗಾಯದ ಜಾಗದಲ್ಲೋ, ಇಲ್ಲದ ಪಾದದಲ್ಲೋ ಅಂತ ಬಿಡಿಸಿ ಹೇಳಿ. ಎರಡರ ಚಿಕಿತ್ಸೆ ಬೇರೆ.

ಕನ್ನಡಿ ಚಿಕಿತ್ಸೆಯನ್ನೂ ಕೇಳಿ ನೋಡಿ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿ ನಿಲ್ಲಿಸಿ, ಇರುವ ಪಾದವನ್ನು ನಿಧಾನವಾಗಿ ಆಡಿಸುತ್ತಾ ಕನ್ನಡಿಯಲ್ಲಿ ನೋಡುವುದು. ಕಣ್ಣಿಗೆ ಎರಡೂ ಪಾದ ಕಾಣುತ್ತವೆ. ಒಬ್ಬ ಹುಡುಗಿಗೆ ಇಲ್ಲದ ಪಾದದ ಬೆರಳುಗಳು ಸದಾ ಮುದುರಿಕೊಂಡು ಸೆಳೆಯುತ್ತಿದ್ದವು. ಕನ್ನಡಿಯ ಮುಂದೆ ಬೆರಳುಗಳನ್ನು ಮುದುರಿ, ಬಿಡಿಸಿ, ಮತ್ತೆ ಮುದುರಿ, ಬಿಡಿಸುತ್ತಾ ಇದ್ದವಳು ಇದ್ದಕ್ಕಿದ್ದಂತೆ "ಬಿಚ್ಕೊಂಡ್ವು!" ಅಂತ ಕೂಗಿದಳು. ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರಿಗೆ ಕನ್ನಡಿ ನೋಡಿದರೆ ಸಂಕಟ ಜಾಸ್ತಿಯಾಗುತ್ತದೆ, ಅವರನ್ನು ಒತ್ತಾಯಿಸಬಾರದು. ಹಿಡಿಸಿದವರು ದಿನಾ ಹತ್ತು ಹದಿನೈದು ನಿಮಿಷ ಮಾಡಬಹುದು.

ಎದ್ದು ನಿಲ್ಲುವುದು

ಗಾಯ ಒಪ್ಪಿದರೆ ಕೆಲವು ಕಡೆ ಆಪರೇಷನ್ ಆದ ವಾರದೊಳಗೇ ಗಾಳಿ ತುಂಬುವ ಚೀಲ ಮತ್ತು ಲೋಹದ ಚೌಕಟ್ಟು ಇರುವ ತಾತ್ಕಾಲಿಕ ಕಾಲನ್ನು ಹಾಕಿ ಪ್ಯಾರಲಲ್ ಬಾರ್ (ಎರಡೂ ಕೈಯಿಂದ ಹಿಡಿಯುವ ಜೋಡಿ ಕಂಬಿ) ಮಧ್ಯೆ ನಿಲ್ಲಿಸುತ್ತಾರೆ. ಅದರ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ, ಫಿಸಿಯೋ ಪಕ್ಕದಲ್ಲೇ ಇರಬೇಕು. ಇದರಿಂದ ಊತ ಇಳಿಯುತ್ತದೆ, ನಿಲ್ಲುವ ಧೈರ್ಯವೂ ಬರುತ್ತದೆ. ಅಷ್ಟೇ ಮುಖ್ಯವಾಗಿ, ಮುಂದೆ ಕೃತಕ ಕಾಲು ನಿಮಗೆ ಹೊಂದುತ್ತದಾ ಅಂತ ನಮಗೂ ಅಂದಾಜು ಸಿಗುತ್ತದೆ. ಎಲ್ಲರಿಗೂ ಹೊಂದುವುದಿಲ್ಲ. ಹೃದಯ ಬಹಳ ದುರ್ಬಲವಾಗಿದ್ದರೆ ವೀಲ್‌ಚೇರಿನಲ್ಲೇ ಸ್ವತಂತ್ರವಾಗಿ ಬದುಕುವುದು ಒಳ್ಳೆಯ ಗುರಿ. ಆ ಮಾತನ್ನು ತಂಡದವರು ನೇರವಾಗಿ ಹೇಳಬೇಕು, ನೀವೂ ನೇರವಾಗಿ ಕೇಳಬೇಕು.

ವಾರ್ಡಿನಲ್ಲಿ ಇರುವಾಗಲೇ ಕೃತಕ ಕಾಲು ಬಂದರೆ ಮೊದಲ ಕೆಲವು ಸಲ ಹದಿನೈದು ಇಪ್ಪತ್ತು ನಿಮಿಷ ಹಾಕಿ ತೆಗೆದು ಚರ್ಮ ನೋಡಿ. ಸ್ವಲ್ಪ ಹೊತ್ತಿನಲ್ಲಿ ಮಾಯವಾಗುವ ಕೆಂಪು ಸಹಜ. ಹಾಗೇ ಉಳಿದರೆ, ಗುಳ್ಳೆ ಎದ್ದರೆ ಮತ್ತೆ ಹಾಕಬೇಡಿ, ತೋರಿಸಿ. ಸ್ಟಂಪ್ ದಿನದಲ್ಲೇ ಸಣ್ಣಗಾಗುತ್ತದೆ. ಸಾಕೆಟ್ ಸಡಿಲ ಅನಿಸಿದರೆ ಸಾಕ್ಸ್ ಇನ್ನೊಂದು ಪದರ ಹಾಕಿ. ಸ್ಟಂಪ್ ತೊಳೆಯುವುದು ರಾತ್ರಿ, ಸೌಮ್ಯವಾದ ಸೋಪಿನಲ್ಲಿ, ಆಮೇಲೆ ಒತ್ತಿ ಒರೆಸಿ. ಬೆಳಿಗ್ಗೆ ನೀರಿನಲ್ಲಿ ನೆನೆಸಿದರೆ ಚರ್ಮ ಉಬ್ಬಿ ಸಾಕೆಟ್ ಉಜ್ಜುತ್ತದೆ. ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು.

ಮನೆಗೆ ಹೋಗುವ ಮುಂಚೆ

ಮನೆಯವರು ಟೇಪ್ ಹಿಡಿದು ಬಾಗಿಲುಗಳ ಅಗಲ, ಮಂಚ ಮತ್ತು ಟಾಯ್ಲೆಟ್ ಸೀಟಿನ ಎತ್ತರ, ಮೆಟ್ಟಿಲುಗಳ ಲೆಕ್ಕ ಬರೆದು ತರಲಿ, ಫೋಟೋ ಕೂಡ ತೆಗೆಯಲಿ. ವೀಲ್‌ಚೇರ್ ಸ್ನಾನದ ಮನೆಯ ಬಾಗಿಲಲ್ಲಿ ತೂರುವುದಿಲ್ಲ ಅನ್ನುವುದು ಮನೆಗೆ ಹೋದ ಮೇಲೆ ಗೊತ್ತಾಗಬಾರದು. ಸ್ನಾನಕ್ಕೆ ಗಟ್ಟಿ ಸ್ಟೂಲು, ಗೋಡೆಗೆ ಹಿಡಿಕೆ, ಜಾರದ ನೆಲ ಬೇಕು. ಮನೆಯವರಿಗೆ ನನ್ನದೊಂದು ಕೋರಿಕೆ: ಎಲ್ಲವನ್ನೂ ನೀವೇ ಮಾಡಿಕೊಡಬೇಡಿ. ಅವರೇ ಬಟ್ಟೆ ಹಾಕಿಕೊಳ್ಳಲು ಅರ್ಧ ಗಂಟೆ ಹಿಡಿದರೆ ಹಿಡಿಯಲಿ.

ಬಿದ್ದರೆ ನೆಲದಿಂದ ಏಳುವುದನ್ನು ಇಲ್ಲೇ, ಮ್ಯಾಟಿನ ಮೇಲೆ ಕಲಿತು ಹೋಗಿ. ಕೂತಲ್ಲಿಂದ ಹಿಂದಕ್ಕೆ ಸರಿಯುತ್ತಾ ಒಂದು ಗಟ್ಟಿ ಕಡಿಮೆ ಎತ್ತರದ ಸ್ಟೂಲಿಗೆ ಬೆನ್ನು ಕೊಟ್ಟು, ಕೈ ಊರಿ ಅದರ ಮೇಲೆ ಏರಿ, ಅಲ್ಲಿಂದ ಕುರ್ಚಿಗೆ. ಡಿಸ್ಚಾರ್ಜ್ ಚೀಟಿಯಲ್ಲಿ ಅಳತೆ ತೆಗೆಯುವ ದಿನ, ಶ್ರಿಂಕರ್ ಹಾಳಾದರೆ ಯಾರನ್ನು ಕೇಳಬೇಕು, ಗಾಯ ಕೆಂಪಾದರೆ ಯಾರಿಗೆ ಫೋನ್ ಮಾಡಬೇಕು, ಈ ಮೂರನ್ನೂ ಬರೆಸಿಕೊಳ್ಳಿ. ಅಳತೆಗೆ ಹೋಗುವಾಗ ಮುಂದೆ ದಿನಾ ಹಾಕಬೇಕೆಂದಿರುವ ಶೂಗಳನ್ನು ಜೋಡಿಯಾಗಿಯೇ ತೆಗೆದುಕೊಂಡು ಹೋಗಿ, ಒಂದನ್ನು ಮನೆಯಲ್ಲಿ ಬಿಡಬೇಡಿ. ಕೃತಕ ಪಾದದ ಕೋನವನ್ನು ಆ ಶೂವಿನ ಹಿಮ್ಮಡಿಯ ಎತ್ತರ ನೋಡಿಯೇ ಕೂರಿಸುತ್ತಾರೆ.